ಹ್ಯಾವ್ ಮತ್ತು ಫಿನಿಶ್ಡ್ ನಡುವಿನ ಜಾಗ

ನಿವೃತ್ತಿಯಿಂದ ನನಗೆ ಸಿಕ್ಕ ದೊಡ್ಡ ಲಾಭವೆಂದರೆ ಮಧ್ಯಾಹ್ನದ ನಿದ್ದೆ. ಅದಕ್ಕೂ ಕಲ್ಲು ಹಾಕುವವರಿದ್ದಾರೆ. ಹೊಸದಾಗಿ ನೇಮಕವಾದ ಇಂಗ್ಲಿಷ್ ಶಿಕ್ಷಕರಿಗೆ ಯಾರೋ ನನ್ನ ಫೋನ್ ನಂಬರು ಕೊಟ್ಟುಬಿಟ್ಟಿದ್ದಾರೆ. "ಟೀಚರ, ಮಕ್ಕಳಿಗೆ ಆಲ್ರೆಡಿ ಎಲ್ಲಿ ಹಾಕ್ಬೇಕು ಅನ್ನೋದು ತಲೀಗೆ ಹೋಗವಲ್ದು" ಎಂದು ಅಳುದನಿ ತೆಗೆಯುತ್ತಾರೆ. ಮಲಗಿದ್ದವಳು ಎದ್ದು ಕೂರುತ್ತೇನೆ. ನನ್ನ ಇಡೀ ಸೇವಾವಧಿಯನ್ನು ತಿಂದುಹಾಕಿದ ಪ್ರಶ್ನೆ ಅದು. ಬಡ್ತಿ, ವರ್ಗಾವಣೆಗಳ ಪುರಾಣ ಯಾರಿಗೂ ಬೇಡ, ನನಗಂತೂ ಮೊದಲೇ ಬೇಡ. ಈ ಒಂದು ವಿಷಯವನ್ನು ಮಾತ್ರ ಬರೆದಿಡುತ್ತೇನೆ.

ತೊಂದರೆ ಇರುವುದು ಇಲ್ಲಿ. ನಮ್ಮ 'ಮುಗಿಸಿದ್ದೇನೆ' ಎಂಬುದು ಗಟ್ಟಿ ಉಂಡೆ. ಅದರ ನಡುವೆ ಏನನ್ನೂ ತುರುಕಲಾಗದು. 'ಈಗಾಗಲೇ' ಎಂಬ ಮಾತು ಮರ್ಯಾದೆಯಿಂದ ಹೊರಗೇ ನಿಲ್ಲುತ್ತದೆ. ಇಂಗ್ಲಿಷಿನ ಕ್ರಿಯಾಪದ ಹಾಗಲ್ಲ. 'ಹ್ಯಾವ್' ಒಂದು ತುಂಡು, 'ಫಿನಿಶ್ಡ್' ಇನ್ನೊಂದು ತುಂಡು, ಎರಡೂ ಸೇರಿ ಒಂದೇ ಕೆಲಸ. ಆದರೆ ನಡುವೆ ಒಂದು ಸಂದು ಇರುತ್ತದೆ. ಆಲ್ರೆಡಿ, ಜಸ್ಟ್, ನೆವರ್, ಆಲ್ವೇಸ್ ಮುಂತಾದ ಸಣ್ಣ ಪದಗಳು ಬಂದು ಆ ಸಂದಿಯಲ್ಲಿ ಕೂರುತ್ತವೆ. ಐ ಹ್ಯಾವ್ ಆಲ್ರೆಡಿ ಫಿನಿಶ್ಡ್. ನಮ್ಮ ಮಕ್ಕಳು 'ಐ ಆಲ್ರೆಡಿ ಹ್ಯಾವ್ ಫಿನಿಶ್ಡ್' ಎಂದು ಬರೆಯುತ್ತಾರೆ, ಏಕೆಂದರೆ ಅವರ ಮನಸ್ಸಿನಲ್ಲಿ ಉಂಡೆ ಒಡೆಯುವುದೇ ಇಲ್ಲ. ಅದು ದಡ್ಡತನವಲ್ಲ. ಹಾಗೆ ಬರೆದ ಮಗುವನ್ನು ಬಯ್ಯುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನನ್ನ ಮೊದಲ ಶಾಲೆ ಸಂಡೂರು ತಾಲೂಕಿನ ಚೋರನೂರು ಕಡೆ. ಸಜ್ಜೆ, ಜೋಳದ ಹೊಲಗಳ ನಡುವೆ ನಾಲ್ಕು ಕೋಣೆಗಳ ಹೈಸ್ಕೂಲು. ಅಲ್ಲಿ ನಾನು ನಿಯಮವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿದೆ. 'ಹೆಲ್ಪಿಂಗ್ ವರ್ಬಿನ ನಂತರ, ಮೇನ್ ವರ್ಬಿನ ಮೊದಲು' ಎಂದು ಇಡೀ ತರಗತಿ ಕೂಗುತ್ತಿತ್ತು. ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದವರಿಗೂ ನಿಯಮ ಬಾಯಿಗೆ ಬಂದಿತ್ತು. ವಿಷಯ ಪರಿವೀಕ್ಷಕರು ಬಂದಾಗ ಮುಂದಿನ ಬೆಂಚಿನ ಹುಡುಗನನ್ನು ಎಬ್ಬಿಸಿ "ಊಟ ಆಯಿತಾ, ಇಂಗ್ಲಿಷಿನಲ್ಲಿ ಹೇಳು" ಎಂದರು. ಹುಡುಗ ಎದೆ ಸೆಟೆಸಿ ನಿಯಮವನ್ನು ತಪ್ಪಿಲ್ಲದೆ ಒಪ್ಪಿಸಿದ. ಊಟದ ಸುದ್ದಿ ಬರಲೇ ಇಲ್ಲ. ಸಾಹೇಬರು ನನ್ನ ಕಡೆ ತಿರುಗಿ, "ಮಗು ಉಪವಾಸ ಇದ್ದಂಗೈತಿ, ಟೀಚರ" ಎಂದರು. ನಾಚಿಕೆಯಿಂದ ನೆಲ ನೋಡಿದೆ. ಬಾಯಿಪಾಠದ ಆಟ ಅಂದಿಗೆ ಮುಗಿಯಿತು.

ಆ ಸಾಹೇಬರಿಗೆ ಆಲ್ರೆಡಿ ನಡುವೆಯೇ ಇರಬೇಕು, ಬೇರೆಲ್ಲಿ ಇದ್ದರೂ ಅಂಕ ಕತ್ತರಿ. ಅವರ ನಂತರ ಬಂದವರು ವಾಕ್ಯದ ಕೊನೆಗೂ ಬರಬಹುದು ಎಂದರು. ಎರಡೂ ಕಡೆ ನನಗೆ ಬೈಗುಳ ಸಿಕ್ಕಿತು. ಅತ್ತ ದರಿ, ಇತ್ತ ಪುಲಿ. ಸಂಡೂರಿಗೆ ವರ್ಗವಾದ ಮೇಲೆ ಒಮ್ಮೆ ಮಕ್ಕಳನ್ನು ಹಂಪಿಗೆ ಕರೆದೊಯ್ದಿದ್ದೆ. ಬಿಸಿಲಿಗೆ ಕೆಂಪಾಗಿದ್ದ ವಿದೇಶಿ ಹೆಂಗಸೊಬ್ಬಳು ತನ್ನ ಗೈಡಿಗೆ "ಐ ಹ್ಯಾವ್ ಸೀನ್ ಇಟ್ ಆಲ್ರೆಡಿ" ಎಂದಳು. ನನ್ನ ಹುಡುಗಿಯರು ಅಲ್ಲೇ ನಿಂತುಬಿಟ್ಟರು. ಒಬ್ಬಳು ನನ್ನ ಸೆರಗು ಜಗ್ಗಿ, "ಟೀಚರ, ಅಕೀ ಆಲ್ರೆಡಿನ ಕಡೀಗೆ ಹಾಕಿದ್ಲು. ಮಾರ್ಕ್ಸ್ ಕಟ್ ಮಾಡ್ರಿ" ಎಂದಳು. ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ಆ ನಗು ನನಗೆ ಇಂದಿಗೂ ಸಾಕಾಗುತ್ತದೆ. ಕೊನೆಗೆ ಬಂದರೂ ತಪ್ಪಲ್ಲ, ಆದರೆ ಮೊದಲು ನಡುವಿನ ಜಾಗ ಗಟ್ಟಿಯಾಗಲಿ ಎಂದು ಆ ಕಲ್ಲುಕಂಬಗಳ ನೆರಳಿನಲ್ಲೇ ಪಾಠ ಮಾಡಿದೆ.

ಕಲಿಸುವ ದಾರಿ ಹೊಳೆದದ್ದು ಸಂಡೂರಿನಿಂದ ಹೊಸಪೇಟೆಗೆ ಬರುವ ಬಸ್ಸಿನಲ್ಲಿ. ಮೂವರು ಕೂರುವ ಸೀಟಿನಲ್ಲಿ ಗಂಡ ಹೆಂಡತಿ ಅಂಟಿಕೊಂಡು ಕುಳಿತಿದ್ದರು. ಗಣಿಯಲ್ಲಿ ದುಡಿದು ಮೈಯೆಲ್ಲ ಕೆಂಪು ಧೂಳಾಗಿದ್ದ ಮುದುಕಿಯೊಬ್ಬಳು ಬಂದು, "ಯಪ್ಪಾ, ಒಟು ಸರೀರಿ" ಎಂದಳು. ಇಬ್ಬರೂ ಆ ಕಡೆ ಈ ಕಡೆ ಸರಿದರು, ಮುದುಕಿ ನಡುವೆ ಕೂತಳು. ಗಂಡ ಹೆಂಡತಿ ಅವಳ ತಲೆಯ ಮೇಲಿಂದಲೇ ಮಾತು ಮುಂದುವರಿಸಿದರು. ಅವರ ಸಂಸಾರಕ್ಕೇನೂ ಆಗಲಿಲ್ಲ.

ಮರುದಿನವೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. ಒಬ್ಬೊಬ್ಬರ ಕೊರಳಿಗೆ ಒಂದೊಂದು ಪದ ಬರೆದ ರಟ್ಟು. 'ಐ' ಸ್ವಲ್ಪ ದೂರ, ಒಂಟಿ. 'ಹ್ಯಾವ್' ಮತ್ತು 'ಫಿನಿಶ್ಡ್' ಕೈ ಕೈ ಹಿಡಿದಿರಬೇಕು, ಏಕೆಂದರೆ ಎರಡೂ ಸೇರಿ ಒಂದು ಕ್ರಿಯಾಪದ. 'ಆಲ್ರೆಡಿ' ಬಂದು "ಒಟು ಸರೀರಿ" ಅನ್ನಬೇಕು. ಅವರಿಬ್ಬರು ಕೈ ಬಿಟ್ಟು, ಬಂದವಳ ಎರಡೂ ಕೈ ಹಿಡಿದುಕೊಳ್ಳಬೇಕು. ಆಮೇಲೆ ಇಡೀ ತರಗತಿ ವಾಕ್ಯ ಓದಬೇಕು. 'ಹ್ಯಾವ್ ಬೀನ್ ವೇಟಿಂಗ್' ಎಂಬಂಥ ಮೂರು ತುಂಡಿನ ಕ್ರಿಯಾಪದ ಬಂದಾಗ ಗಮ್ಮತ್ತೇ ಬೇರೆ. ಸಣ್ಣ ಪದ ಹೋಗುವುದು 'ಹ್ಯಾವ್' ಪಕ್ಕಕ್ಕೇ. 'ಬೀನ್' ಆಗಿ ಅದರ ಬಲಕ್ಕೆ ನಿಂತವಳು "ನನ್ನ ಆ ಕಡೀಗೆ ಯಾರೂ ಬರಂಗಿಲ್ಲಲ್ರಿ ಟೀಚರ" ಎಂದು ಮುಖ ಊದಿಸುತ್ತಿದ್ದಳು. ನಾಲ್ಕು ದಿನ ಹೀಗೆ ಆಡಿದವರು ಆ ಜಾಗ ಮರೆಯುತ್ತಿರಲಿಲ್ಲ. ಕೈಗೆ ಗೊತ್ತಾದದ್ದು ತಲೆಗೆ ತಾನೇ ಹೋಗುತ್ತದೆ ಎಂದು ನಾನು ಬೀಗುತ್ತಿದ್ದೆ.

ಈ ಆಟದ ಸಮೇತ ಕಂಪ್ಲಿಯ ಹೆಣ್ಣುಮಕ್ಕಳ ಸರ್ಕಾರಿ ಹೈಸ್ಕೂಲೊಂದಕ್ಕೆ ಬಂದೆ. ಕಾಲುವೆ ನೀರಿನ ಊರು. ಸುತ್ತ ಭತ್ತ, ಕಬ್ಬು. ಅಕ್ಕಿ ಗಿರಣಿಗಳ ತೌಡಿನ ವಾಸನೆ ತರಗತಿಯೊಳಗೂ ಬರುತ್ತಿತ್ತು. ಬೆಂಗಾಡಿನಿಂದ ಬಂದ ನನಗೆ ಆ ಹಸಿರು ಕಂಡು ಮೊದಲ ವಾರ ಪಾಠಕ್ಕಿಂತ ಕಿಟಕಿಯೇ ಹೆಚ್ಚು ಹಿಡಿಸಿತು.

ಒಂಬತ್ತನೆಯ ತರಗತಿಯಲ್ಲಿ ಗಿರಿಜಾ ಇದ್ದಳು. ಅವಳ ಅಜ್ಜನದು ಎರಡು ಅಕ್ಕಿ ಗಿರಣಿ. ಶಾಲಾಭಿವೃದ್ಧಿ ಸಮಿತಿಯಲ್ಲಿ ಅವರದೇ ಮಾತು, ನಮ್ಮ ಬೆಂಚುಗಳನ್ನು ಮಾಡಿಸಿಕೊಟ್ಟವರೂ ಅವರೇ. ಊರೆಲ್ಲ ಸಾವ್ಕಾರ್ರು ಎನ್ನುತ್ತಿತ್ತು. ಗಿರಿಜಾ ಗಟ್ಟಿ ದನಿಯವಳು, ನಗುಮುಖದವಳು. 'ಹ್ಯಾವ್' ಆಗಲು ಅವಳೇ ಮೊದಲು ಎದ್ದು ಬರುತ್ತಿದ್ದಳು. ಅದೇ ತರಗತಿಯಲ್ಲಿ ಸುಜಾತ ಇದ್ದಳು. ತಂದೆ ತಾಯಿ ಭತ್ತದ ನಾಟಿಗೆ, ಕಬ್ಬು ಕಡಿಯಲಿಕ್ಕೆ ಕೂಲಿ ಹೋಗುವವರು. ತಂದೆ ಬೌದ್ಧನಾದ ಮೇಲೆ ಹುಟ್ಟಿದ ಮಗಳೆಂದು, ಬುದ್ಧನಿಗೆ ಪಾಯಸ ಕೊಟ್ಟವಳ ಆ ಹೆಸರನ್ನು ಕೇಳಿ ತಿಳಿದು ಇಟ್ಟಿದ್ದ. ಅವರು ಧರ್ಮ ಬದಲಾಯಿಸಿದರೂ ಊರು ಅವರ ಓಣಿಯನ್ನು ಮರೆತಿರಲಿಲ್ಲ.

ಆಟ ಶುರುವಾದ ಮೂರನೆಯ ದಿನವೋ ನಾಲ್ಕನೆಯ ದಿನವೋ, ಸುಜಾತಳ ಕೊರಳಿಗೆ 'ಆಲ್ರೆಡಿ' ಹಾಕಿ ಕಳಿಸಿದೆ. ಗಿರಿಜಾ ಕೈ ಬಿಟ್ಟಳು. ಬಿಟ್ಟ ಕೈಗೆ ತನ್ನ ವೇಲಿನ ಚುಂಗನ್ನು ಸುತ್ತಿಕೊಂಡು, ಆ ಬಟ್ಟೆಯ ಮೇಲಿಂದ ಸುಜಾತಳ ಕೈ ಹಿಡಿದಳು. ಎಷ್ಟು ಸಲೀಸಾಗಿ ಮಾಡಿದಳೆಂದರೆ, ಒಲೆಯ ಮೇಲಿನ ಪಾತ್ರೆ ಇಳಿಸಲು ನಾವು ಸೆರಗು ಹಿಡಿಯುತ್ತೇವಲ್ಲ, ಹಾಗೆ. ಮುಖದಲ್ಲಿ ತಿರಸ್ಕಾರವಿರಲಿಲ್ಲ, ನಗುತ್ತಲೇ ಇದ್ದಳು. ಹುಟ್ಟಿದಾಗಿನಿಂದ ನೋಡಿಕೊಂಡು ಬಂದ ಅಭ್ಯಾಸ. ಸುಜಾತಳೂ ಅದನ್ನು ಕಂಡು ಬೆಚ್ಚಲಿಲ್ಲ. ಅವಳಿಗೂ ಅದು ಅಭ್ಯಾಸವೇ. ಇಡೀ ತರಗತಿ ರಾಗವಾಗಿ ವಾಕ್ಯ ಓದಿತು. ಬೆಚ್ಚಿದವಳು ನಾನೊಬ್ಬಳೇ.

ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಆದರೆ ಗಿರಿಜಾಳ ಮೇಲೆ ಅದನ್ನು ಹೇಗೆ ತೋರಿಸಲಿ? "ನಾಳೆಯಿಂದ ಸಾಲಿನಲ್ಲಿ ನಿಲ್ಲುವವರು ವೇಲನ್ನು ಸೊಂಟಕ್ಕೆ ಕಟ್ಟಿಕೊಳ್ಳಬೇಕು, ಬರಿಗೈ ಹಿಡಿಯಬೇಕು" ಎಂದಷ್ಟೇ ಹೇಳಿದೆ. ಹೆಣ್ಣುಮಕ್ಕಳಿಗೆ ಮಾತು ಅರ್ಥವಾಯಿತು. ಮನೆಗಳಿಗೂ ತಲುಪಿತು.

ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಸಾವ್ಕಾರ್ರು ಹೆಡ್‌ಮಾಸ್ತರರ ಕೋಣೆಯಲ್ಲಿ ಕುಳಿತಿದ್ದರು. ಬಿಳಿ ಅಂಗಿ, ಹಣೆತುಂಬ ವಿಭೂತಿ, ಮಾತು ಬಹಳ ಮೆತ್ತಗೆ.

"ಬರ್ರಿ ಟೀಚರಮ್ಮ, ಕುಂದ್ರಿ. ನೀವು ಇಂಗ್ಲೀಷು ಭಾಳ ಛಲೋ ಹೇಳ್ತೀರಂತ. ನಮ್ಮ ಹುಡುಗಿ ಮನ್ಯಾಗ ಬರೇ ಇಂಗ್ಲೀಷ ಮಾತಾಡ್ತೈತಿ."

"ಸಂತೋಷ ಆತ್ರಿ."

"ಇಂಗ್ಲೀಷು ಬಾಯಿಲೆ ಬರೂದಲ್ಲನ್ರಿ? ಕೈ ಯಾಕ ಹಿಡಸ್ತೀರಿ? ಕೈಯ್ಯಾಗಿನ ಇಂಗ್ಲೀಷು ನಮಗ ಬ್ಯಾಡ."

ನಾನು ಬಸ್ಸಿನ ಸೀಟಿನ ಕಥೆ ಹೇಳಿ ಆಟವನ್ನು ವಿವರಿಸಿದೆ. ಅವರು ತಲೆದೂಗುತ್ತ ಕೇಳಿದರು, ಜಾಣರು. "ನಾನು ಜಾತಿ ಗೀತಿ ಅನ್ನಾಂವ ಅಲ್ರಿ. ಆದ್ರ ಮನ್ಯಾಗ ಮುದಿಕ್ಯಾರು ಅದಾರ, ಪೂಜಿ ಪುನಸ್ಕಾರ ಐತಿ. ನೀವು ತಿಳಿದಾರು" ಎಂದು ಎದ್ದರು. ಹೆಡ್‌ಮಾಸ್ತರರು ಪಿಂಚಣಿಗೆ ಹತ್ತಿರವಿದ್ದ ಸಾಧು ಮನುಷ್ಯರು. ಸಾವ್ಕಾರ್ರು ಹೊರಗೆ ಹೋದ ಮೇಲೆ ದನಿ ತಗ್ಗಿಸಿ, "ಬೋರ್ಡಿನ ಮ್ಯಾಲೆ ಚೀಟಿ ಅಂಟ್ಸಿ ಕಲಸ್ರಿ ಟೀಚರ. ಪರೀಕ್ಷಾದಾಗ ಕೈ ಹಿಡಿರಿ ಅಂತ ಎಲ್ಲಿ ಕೇಳ್ತಾರ?" ಎಂದರು.

ಅವರ ಮಾತು ಕೇಳಬಹುದಿತ್ತು. ಚೀಟಿ ಅಂಟಿಸಿದರೂ ಮಕ್ಕಳು ಕಲಿಯುತ್ತಿದ್ದರೇನೋ. ಅಷ್ಟರಲ್ಲಿ, ಊಟದ ಬಿಡುವಿನಲ್ಲಿ ಸುಜಾತ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ.

"ಟೀಚರ, ನಾಳಿಂದ ನನಗ 'ಐ' ಮಾಡ್ರಿ."

"ಯಾಕವ್ವ?"

"ಐ ಒಂದ ದೂರ ನಿಲ್ತೈತಲ್ರಿ. ಅದಕ ಯಾರ ಕೈಯೂ ಬೇಕಾಗಂಗಿಲ್ಲ. ಆಟ ನಿಲ್ಲಂಗಿಲ್ಲ."

ಹದಿನಾಲ್ಕು ವರ್ಷದ ಹುಡುಗಿ ಇಡೀ ವಾಕ್ಯವನ್ನು ಹುಡುಕಿ, ತಾನು ಯಾರಿಗೂ ತಾಗದೆ ನಿಲ್ಲಬಹುದಾದ ಜಾಗವನ್ನು ಆರಿಸಿಕೊಂಡು ಬಂದಿದ್ದಳು. ಈಗ ನಾನು ಆಟ ನಿಲ್ಲಿಸಿದರೆ ಅದು ಯಾರಿಂದ ನಿಂತಿತೆಂದು ತರಗತಿಗೆಲ್ಲ ಗೊತ್ತಾಗುತ್ತದೆ. ಅವಳನ್ನು 'ಐ' ಮಾಡಿದರೆ ಅವಳು ಜೀವನವಿಡೀ ಹಾಗೆಯೇ ದೂರ ನಿಲ್ಲುವುದನ್ನು ಕಲಿಯುತ್ತಾಳೆ, ಕಲಿಸಿದವಳು ನಾನೇ ಆಗುತ್ತೇನೆ. "ಯಾರು ಎಲ್ಲಿ ನಿಲ್ಲಬೇಕು ಅಂತ ಹೇಳಾಕಿ ನಾನು. ನೀನು ಊಟ ಮಾಡು ಹೋಗು" ಎಂದು ಗದರಿದೆ. ಗದರದಿದ್ದರೆ ಅತ್ತುಬಿಡುತ್ತಿದ್ದೆ.

ಸಂಜೆ ಸಾವ್ಕಾರ್ರ ಗಿರಣಿಗೇ ಹೋದೆ. "ನಾಳೆ ನೀವೇ ಬಂದು ನನ್ನ ತರಗತಿಯೊಳಗ ಕುಂದ್ರಿ. ಏನು ಕಲಸ್ತೀನಿ ನೋಡ್ರಿ. ನೋಡಿದ ಮ್ಯಾಲೆ ಬ್ಯಾಡ ಅಂದ್ರ ಅಲ್ಲೇ, ಎಲ್ಲಾರ ಮುಂದ ಅನ್ರಿ" ಎಂದೆ. ಅವರು ಗಡಿಬಿಡಿ ಮಾಡದೆ ಬಾಯೊಳಗಿನ ಎಲೆಯಡಿಕೆ ಪೂರ್ತಿ ಅಗಿದು, "ಬರ್ತೀನಿ ತಗೋರಿ" ಎಂದರು. ಎಲ್ಲರ ಮುಂದೆ ಬೇಡ ಅನ್ನುವುದು ಅವರಂಥವರಿಗೆ ಕಷ್ಟ ಎಂದು ನನ್ನ ಲೆಕ್ಕ. ಬೇಡ ಎಂದೇಬಿಟ್ಟರೆ ಸುಜಾತಳ ಗತಿಯೇನು ಎಂದು ಯೋಚಿಸಿದ್ದು ಗಿರಣಿಯ ಗೇಟು ದಾಟಿದ ಮೇಲೆ.

ಮರುದಿನ ಅವರು ಹೇಳಿದ ಸಮಯಕ್ಕೆ ಬಂದು ಹಿಂದಿನ ಬೆಂಚಿನಲ್ಲಿ, ತಾವೇ ಮಾಡಿಸಿದ ಬೆಂಚಿನಲ್ಲಿ, ಕುಳಿತರು. 'ಐ' ನಿಂತಳು. ಗಿರಿಜಾ 'ಹ್ಯಾವ್' ಹಾಕಿಕೊಂಡು ಬಂದಳು, ವೇಲನ್ನು ಸೊಂಟಕ್ಕೆ ಕಟ್ಟಿದ್ದಳು. ಹೂವಿನ ಅಂಗಡಿಯವರ ಮಗಳು ಶಬಾನಾ 'ಫಿನಿಶ್ಡ್' ಆಗಿ ಅವಳ ಕೈ ಹಿಡಿದಳು. ನಾನು ಸುಜಾತಳ ಹೆಸರು ಕರೆದೆ. ಅವಳು ಏಳಲಿಲ್ಲ. ಇನ್ನೊಮ್ಮೆ ಕರೆದೆ. ಬೆಂಚಿನ ಅಂಚನ್ನು ಹಿಡಿದು ಕುಳಿತೇ ಇದ್ದಳು.

ಆಗ ಗಿರಿಜಾ ಮಾತಾಡಿದಳು. "ಟೀಚರ, ನಾನು ಕೈ ಬಿಟ್ಟು ನಿಂತೀನಿ. ಅಕೀಗೆ ಬರಾಕ ಹೇಳ್ರಿ."

ನಿಜವಾಗಿಯೂ ಅವಳು ಶಬಾನಾಳ ಕೈ ಬಿಟ್ಟು, ಒಂದು ಹೆಜ್ಜೆ ಸರಿದು, ಬರಿಗೈ ಚಾಚಿ ನಿಂತಿದ್ದಳು. ಸುಜಾತ ಎದ್ದಳು. ಸಾಲಿನ ಹತ್ತಿರ ಬಂದು ನಿಂತಳು. ಅವಳು ನೋಡಿದ್ದು ನನ್ನನ್ನಲ್ಲ, ಗಿರಿಜಾಳನ್ನೂ ಅಲ್ಲ, ಹಿಂದೆ ಕುಳಿತಿದ್ದ ಅಜ್ಜನನ್ನು. ತರಗತಿಯೂ ಅತ್ತಲೇ ತಿರುಗಿತು. ಸಾವ್ಕಾರ್ರು ಎಲ್ಲರನ್ನೂ ಒಮ್ಮೆ ನೋಡಿದರು. ಹೆಗಲ ಮೇಲಿನ ಟವಲು ಸರಿಮಾಡಿಕೊಂಡು ಎದ್ದರು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬಾಗಿಲು ದಾಟಿ ವರಾಂಡಕ್ಕೆ ಹೋಗಿ, ನಮಗೆ ಬೆನ್ನು ಮಾಡಿ, ಅಂಗಳದ ಬೇವಿನ ಮರ ನೋಡುತ್ತ ನಿಂತರು.

ನಮ್ಮ ಕಡೆಯವರಿಗೆ ಇದು ಹೇಳಿಕೊಡಬೇಕಾದ ವಿದ್ಯೆಯಲ್ಲ. ಬೇಡವೆಂದು ಹೇಳಲಾಗದ್ದನ್ನು, ಆಗಲಿ ಎಂದೂ ಹೇಳಲಾಗದ್ದನ್ನು, ಹಿರಿಯರು ನೋಡುವುದೇ ಇಲ್ಲ. ನೋಡದಿದ್ದರೆ ಅದು ಆಗಿಲ್ಲ.

ಸುಜಾತ ಗಿರಿಜಾಳ ಕೈ ಹಿಡಿದಳು. ಮಕ್ಕಳು ಸೂರು ಹಾರಿಹೋಗುವಂತೆ ವಾಕ್ಯ ಓದಿದರು. ಗಂಟೆ ಹೊಡೆದ ಮೇಲೆ ಹೊರಗೆ ಬಂದರೆ ಸಾವ್ಕಾರ್ರು ಅಲ್ಲೇ ನಿಂತಿದ್ದರು.

"ಮುಗೀತೇನ್ರಿ ಟೀಚರಮ್ಮ?"

"ಮುಗೀತ್ರಿ."

"ನಾ ಏನೂ ನೋಡಿಲ್ಲ ನೋಡ್ರಿ" ಎಂದು ಮೆತ್ತಗೆ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದರು.

ಆ ವರ್ಷ ನನ್ನ ಸೇವೆಯ ಸಿಹಿ ವರ್ಷ. ಇಬ್ಬರೂ ಹುಡುಗಿಯರು ಸಾಲಿನಲ್ಲಿ ಬಿಡದೆ ಅಕ್ಕಪಕ್ಕ ನಿಂತರು. ಒಬ್ಬಳು 'ನೆವರ್' ಆದರೆ ಇನ್ನೊಬ್ಬಳು 'ಹ್ಯಾಸ್' ಆಗುವುದೆಂದು ಅವರವರೇ ಮಾತಾಡಿಕೊಂಡು ಬರುತ್ತಿದ್ದರು. ಕಾಲುವೆಗೆ ನೀರು ಬಿಟ್ಟ ದಿನಗಳ ತಂಪು ಗಾಳಿ, ತೌಡಿನ ವಾಸನೆ, ಆ ಎಳೆಯ ಗಂಟಲುಗಳ ಕೂಗು ಎಲ್ಲ ಒಟ್ಟಿಗೇ ನೆನಪಾಗುತ್ತವೆ. ಮನಸ್ಸು ತುಂಬಿ ಬರುತ್ತದೆ, ಸುಳ್ಳು ಯಾಕೆ ಹೇಳಲಿ. ಆ ಕಂಪ್ಲಿಗೆ ಒಂದು ದಿನದ ಮಟ್ಟಿಗಾದರೂ ವಾಪಸು ಕಳಿಸುತ್ತೇವೆಂದರೆ ನಿದ್ದೆ ಬಿಟ್ಟು ಬಸ್ ಹತ್ತುತ್ತೇನೆ.

ನಿವೃತ್ತಿಯ ಹೊತ್ತಿಗೆ ನಾನಿದ್ದ ಹೊಸಪೇಟೆಯ ಶಾಲೆಗೆ ದೊಡ್ಡ ಪರದೆಯೊಂದು ಬಂತು. ಬೆರಳಿನಿಂದ 'ಆಲ್ರೆಡಿ'ಯನ್ನು ಎಳೆದು ತಂದರೆ 'ಹ್ಯಾವ್' ತಾನಾಗಿಯೇ ಸರಿದು ಜಾಗ ಬಿಡುತ್ತದೆ, ತಪ್ಪಾದರೆ ಕೆಂಪು ದೀಪ. ಚೆನ್ನಾಗಿದೆ, ನಾನು ದೂರುವುದಿಲ್ಲ. ಅದನ್ನು ನನಗೆ ಕಲಿಸಿದ್ದು ನನ್ನ ವಿದ್ಯಾರ್ಥಿಗಳೇ.

ಕಳೆದ ತಿಂಗಳು ಹೊಸ ಶಿಕ್ಷಕರ ತರಬೇತಿಯಲ್ಲಿ ಮಾತಾಡಲು ಕರೆದಿದ್ದರು. ಕಂಪ್ಲಿಯ ಈ ಕಥೆಯನ್ನೇ ಹೇಳಿದೆ, ಹೆಸರುಗಳನ್ನು ಬಿಟ್ಟು. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಊಟದ ಹೊತ್ತಿಗೆ ಒಬ್ಬಾಕೆ ತಟ್ಟೆ ಹಿಡಿದು ನನ್ನ ಪಕ್ಕ ಬಂದು ಕೂತಳು. ಸುಜಾತ. ಮರಿಯಮ್ಮನಹಳ್ಳಿ ಹತ್ತಿರದ ಶಾಲೆಗೆ ಇಂಗ್ಲಿಷ್ ಶಿಕ್ಷಕಿಯಾಗಿ ಬಂದಿದ್ದಾಳೆ. ಅವಳೇ ಮೊದಲು ಮಾತಾಡಿದಳು.

"ಟೀಚರ, ಕತಿ ಛಲೋ ಹೇಳಿದ್ರಿ. ಒಂದು ನಿಮಗ ಗೊತ್ತಿಲ್ಲ."

"ಏನದು?"

"ಅವತ್ತು ಸಂಜಿಕ ಗಿರಿಜಾನ್ನ ಮನಿ ಒಳಗ ಬಿಡ್ಲಿಲ್ಲ. ಹಿತ್ತಲದಾಗ ತಲಿಮ್ಯಾಲೆ ನೀರು ಹಾಕಿ ಒಳಗ ಕರಕೊಂಡ್ರು. ಅವತ್ತೊಂದ ದಿನ ಅಲ್ಲ. ಯಾವತ್ತು ಇಂಗ್ಲೀಷಿನ ಆಟ ಇರ್ತಿತ್ತೋ ಅವತ್ತೆಲ್ಲ. ಚಳಿಗಾಲದಾಗೂ. ಅಜ್ಜಿ ಕೇಳಾಕಿ, ಇವತ್ತು ಯಾರ ಕೈ ಹಿಡದಿ ಅಂತ. ಸುಳ್ಳು ಹೇಳಬಹುದಿತ್ತು, ಹೇಳ್ತಿದ್ದಿಲ್ಲ. ಸುಜಾತನ ಕೈ ಅಂತಿದ್ಲಂತ. ಮತ್ತ ನೀರು."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ನಿನಗ ಯಾರು ಹೇಳಿದ್ರು?"

"ಅಕೀನ. ನಕ್ಕೋತ ಹೇಳಿದ್ಲು. ನನ್ನ ಕೈ ಮುಟ್ಟಿದ್ದಕ್ಕ ಅಕೀ ಜಳಕ ಮಾಡ್ತಾಳ ಅಂತ ಕೇಳಿ ನಾನು ಭಾಳ ಅತ್ತೆ ಟೀಚರ. ಅವಮಾನ ಆತು. ನಾಳಿಂದ ಸಾಲಿನ್ಯಾಗ ನಿಲ್ಲಂಗಿಲ್ಲ ಅಂದೆ. ನೀ ಬರ್ಲಿಲ್ಲಂದ್ರ ನಾ ಸುಮ್ಮಸುಮ್ಮನ ತೊಯ್ಸಿಕೊಂಡಂಗ ಆಗ್ತೈತಿ ಅಂದ್ಲು. ಅದಕ ಬಂದು ನಿಂತೆ."

ಆ ವರ್ಷವನ್ನೆಲ್ಲ ನನ್ನ ಗೆಲುವೆಂದು ಹೇಳಿಕೊಂಡು ತಿರುಗಿದ್ದೆ. ಹೊಸಬರೇ, ನೀವು ತರಗತಿಯಲ್ಲಿ ಮಾಡಿದ ಕೆಲಸಕ್ಕೆ ಮಕ್ಕಳು ಮನೆಯಲ್ಲಿ ಏನು ತೆರುತ್ತಾರೆ ಎಂಬುದು ನಿಮಗೆ ಕಾಣುವುದಿಲ್ಲ. ನನಗೆ ಕಂಡಿರಲಿಲ್ಲ.

"ನನಗೊಂದು ಮಾತು ಹೇಳಬಾರದಾಗಿತ್ತೇನವ್ವ?" ಎಂದೆ.

"ನಾ ಹೇಳ್ತೀನಿ ಅಂದಿದ್ದೆ. ಗಿರಿಜಾ ಆಣಿ ಹಾಕಿದ್ಲು. ಟೀಚರಿಗೆ ಗೊತ್ತಾದ್ರ ನಮ್ಮ ಮ್ಯಾಲೆ ಕನಿಕರ ಬಂದು ಆಟ ನಿಲ್ಲಿಸಿಬಿಡ್ತಾರ ಅಂದ್ಲು." ಸುಜಾತ ನನ್ನ ಮುಖವನ್ನೇ ನೋಡಿದಳು. "ನಿಲ್ಲಿಸ್ತಿದ್ರಿ ಹೌದಲ್ರಿ?"

"ಹೌದವ್ವ" ಎಂದೆ. "ನಿಲ್ಲಿಸ್ತಿದ್ದೆ."

ಅವಳು ತಲೆಯಾಡಿಸಿ, ನನ್ನ ತಟ್ಟೆ ಖಾಲಿಯಿದ್ದ ಕಡೆ ತನ್ನ ತಟ್ಟೆಯಿಂದ ಒಂದು ಹೋಳಿಗೆ ಇಟ್ಟಳು. ನಾನು ತಿಂದೆ.